ಪೊರಕೆ ಎತ್ತುವ ಮುಂಚೆ

ವಸಂತ ಬಂತೆಂದರೆ ಆಕ್ಲೆಂಡಿನ ಉತ್ತರ ದಂಡೆಯಲ್ಲಿ ಕಡಜದ ಗೂಡಿಗೇನೂ ಬರವಿಲ್ಲ. ಕಂಡ ಕೂಡಲೇ ಪೊರಕೆಯಿಂದ ಬಾರಿಸುವುದು, ಒಳಗೆ ಹೋಗಿ ಟೀ ಕುಡಿಯುವುದು. ಮುದುಕ ತಾಮಾತಿ ಬುದ್ಧಿ ಬಂದಾಗಿನಿಂದ ಮಾಡಿದ್ದೂ ಅದೇ. ಆ ಶನಿವಾರ ಶೆಡ್ಡಿನ ಸೂರಿನಡಿ ನಿಂಬೆಹಣ್ಣಿನಷ್ಟು ಗೂಡು ಕಂಡಾಗ ಅವನ ಕೈ ತಾನಾಗಿಯೇ ಪೊರಕೆಗೆ ಹೋಯಿತು. ಹತ್ತೇ ಹೆಜ್ಜೆ ಆಚೆಗೆ ಅವನ ನಾಲ್ಕು ಜೇನುಪೆಟ್ಟಿಗೆಗಳಿದ್ದವು. ಹೆಂಡತಿ ತೀರಿಕೊಂಡ ಮೇಲೆ ಅವನ ಸಂಸಾರವೆಂದರೆ ಅವೇ.

"ಮಾವ, ಹೊಡೀಬೇಡಿ," ಬೇಲಿಯಾಚೆಯಿಂದ ಮೆರೆಪೇಕಾ ಕೂಗಿದಳು. ಪಕ್ಕದ ಮನೆಯವಳು, ಜೇನು ಸಾಕುವವರ ಸಂಘದ ಸ್ವಯಂಸೇವಕಿ.

"ಯಾಕಮ್ಮ, ನಿನ್ನ ನೆಂಟರಾ?"

"ಹೊರಗಿನವರು ಇರ್ಬೋದು. ಹಳದಿ ಕಾಲಿನ ಕಡಜ ಅಂತ ಬಂದಿದೆ. ಜೇನುನೊಣ ತಿನ್ನೋದು ಅಂದ್ರೆ ಅದಕ್ಕೆ ಪ್ರಾಣ."

"ಸುತ್ತ ಸಮುದ್ರ ಇದೆ. ಈಜ್ಕೊಂಡು ಬಂತಾ?"

"ಹಡಗಿನ ಸಾಮಾನಲ್ಲಿ ಮಲಗ್ಕೊಂಡು ಬರತ್ತೆ. ಒಂದು ಬಸುರಿ ರಾಣಿ ಸಾಕು. ನಿಮ್ಮ ಜೇನೂ ಹಿಂದೆ ಹಡಗಲ್ಲೇ ಬಂದಿದ್ದಲ್ವಾ?"

ತಾಮಾತಿ ಪೊರಕೆ ಕೆಳಗಿಡಲಿಲ್ಲ. "ಹೆಂಗೂ ಖಾಲಿ ಗೂಡು. ಕೆಡವಿದ್ರೆ ಮುಗೀತು."

"ಎಲ್ಲರೂ ಮಾಡೋ ತಪ್ಪು ಅದೇ, ಮಾವ. ರಾಣಿ ಹೊರಗೆ ಹೋಗಿದಾಳೆ. ಈಗ ಕೆಡವಿದ್ರೆ ಇನ್ನೆಲ್ಲೋ, ನಮ್ಮ ಕಣ್ಣಿಗೆ ಬೀಳದ ಕಡೆ ಕಟ್ತಾಳೆ. ಬೇಸಿಗೆ ಮುಗಿಯೋದ್ರಲ್ಲಿ ಸಾವಿರಾರು ಆಗ್ತವೆ. ಮೊಳಕೇಲೇ ಚಿವುಟ್ಬೇಕು."

ಅವಳು ಬೇಲಿಯ ಈಚೆ ಬಂದು, ದೂರದಿಂದಲೇ ಫೋಟೊ ತೆಗೆದು ಜೈವಿಕ ಸುರಕ್ಷತಾ ಇಲಾಖೆಗೆ ಕಳಿಸಿದಳು. ಮುಟ್ಟಬೇಡಿ, ಬರುತ್ತೇವೆ ಎಂದರು. ಇಬ್ಬರೂ ಮೆಟ್ಟಿಲ ಮೇಲೆ ಕಾದು ಕುಳಿತರು.

ಇಷ್ಟು ವರ್ಷದಲ್ಲಿ ಒಂದು ಗೂಡನ್ನಾದರೂ ತಾಮಾತಿ ಕಣ್ಣಿಟ್ಟು ನೋಡಿದವನಲ್ಲ. ಈಗ ನೋಡಿದ. ಮರವನ್ನು ಅಗಿದು ಅಗಿದು ಮಾಡಿದ ಕಾಗದ. ಕಂದು, ಬೂದು, ಬಿಳಿ ಪಟ್ಟೆ. ಒಂದು ಕಡೆಯೂ ಸೊಟ್ಟಗಿಲ್ಲ.

"ಇಷ್ಟನ್ನೂ ಒಬ್ಬಳೇ ಕಟ್ಟಿದ್ದಾ?"

"ಒಬ್ಬಳೇ."

ಆಗ ರಾಣಿ ಬಂದಳು. ಕಪ್ಪು ಮೈ, ಕಿತ್ತಳೆ ಮುಖ, ಹಳದಿ ಪಾದ. ಕಾಲುಗಳ ನಡುವೆ ಏನೋ ಸಣ್ಣ ಉಂಡೆ.

"ಅದು ಜೇನುನೊಣ, ಮಾವ," ಮೆರೆಪೇಕಾ ಪಿಸುಗುಟ್ಟಿದಳು. "ತಲೆ, ರೆಕ್ಕೆ, ಕಾಲು ಕತ್ತರಿಸಿ ಎಸೆದು, ಮಾಂಸ ಮಾತ್ರ ಮಕ್ಕಳಿಗೆ ತರ್ತಾಳೆ."

ತಾಮಾತಿ ರಾಣಿಯ ಮೇಲಿನ ಕಣ್ಣು ಕೀಳಲಿಲ್ಲ. ಭಯವೂ ಆಯಿತು, ಬೆರಗೂ ಆಯಿತು. "ಎಂಥಾ ತಾಯಿ ಇವಳು," ಎಂದ. "ಕೈ ಮುಗೀಬೇಕು ಅನ್ಸತ್ತೆ. ಇವಳು ಉಳಿದ್ರೆ ನನ್ನವು ಉಳಿಯಲ್ಲ." ಪೆಟ್ಟಿಗೆಗಳ ಬಾಗಿಲಲ್ಲಿ ಜೇನುಗಳು ಎಂದಿನಂತೆ ಹೋಗಿ ಬರುತ್ತಿದ್ದವು. ಅವುಗಳಿಗೆ ಈ ಶತ್ರುವಿನ ಪರಿಚಯವೇ ಇಲ್ಲ.

ಮಧ್ಯಾಹ್ನದೊಳಗೆ ಇಲಾಖೆಯವರು ಬಂದು ರಾಣಿಯನ್ನೂ ಗೂಡನ್ನೂ ಒಟ್ಟಿಗೇ ಡಬ್ಬಿಗೆ ಇಳಿಸಿದರು. ಅವರಲ್ಲೊಬ್ಬಳು ಗೂಡು ಬಿಡಿಸಿ ತೋರಿಸಿದಳು. ಕೋಣೆಗೊಂದು ಮೊಟ್ಟೆ, ಕೆಲವುಗಳಲ್ಲಿ ಮರಿಹುಳು. ಒಂದೂ ರೆಕ್ಕೆ ಬಿಚ್ಚಿರಲಿಲ್ಲ.

"ಬೆಳಿಗ್ಗೆ ಕೆಡವಿದ್ದಿದ್ರೆ?" ತಾಮಾತಿ ಕೇಳಿದ.

"ಇವಳನ್ನ ಎಲ್ಲಿ ಅಂತ ಹುಡುಕ್ತಿದ್ವಿ, ಅಜ್ಜ?"

ಮರುದಿನ ತಾಮಾತಿ ಬೀದಿಯ ಮನೆಮನೆಗೂ ಹೋಗಿ ಸೂರು ನೋಡಿಸಿದ.

ನೀವೂ ಇವತ್ತೇ ನೋಡಿ. ಶೆಡ್ಡು, ಜಗಲಿ, ಗಿಡದ ಸಂದು, ಯಾವುದನ್ನೂ ಬಿಡಬೇಡಿ. ಗೂಡು ಕಂಡರೆ ಹತ್ತಿರ ಹೋಗಬೇಡಿ, ಸ್ಪ್ರೇ ಹೊಡೆಯಬೇಡಿ. ದೂರದಿಂದ ಫೋಟೊ ತೆಗೆದು ಇಲಾಖೆಗೆ ತಿಳಿಸಿ. ತಾಮಾತಿಯ ಕೈ ತಡೆಯಲು ಮೆರೆಪೇಕಾ ಇದ್ದಳು. ನಿಮ್ಮ ಕೈಯನ್ನು ನೀವೇ ತಡೆಯಬೇಕು.