ಮುಜಫರನ ಮೇಲಿದ್ದ ಬಾವುಟ

ಗೋಗಿಯ ಸುಗರಾಬಿಗೆ ಇದ್ದವನು ಒಬ್ಬನೇ ಮಗ, ಮುಜಫರ. ಗಂಡ ಫಕೀರಸಾಬ ಗೋಗಿಯಿಂದ ಶಹಾಪುರಕ್ಕೆ ಆಟೊ ಓಡಿಸುತ್ತಿದ್ದ. ಮಗ ಫೌಜಿಗೆ ಸೇರುತ್ತೇನೆಂದಾಗ ಸುಗರಾಬಿ ಅನ್ನ ನೀರು ಬಿಟ್ಟು ಕೂತಿದ್ದಳು. ಆಮೇಲೆ ಅವನು ಮೊದಲ ರಜೆಗೆ ಬಂದು ಸಮವಸ್ತ್ರದಲ್ಲಿ ಅಂಗಳದಲ್ಲಿ ನಿಂತಾಗ, ಊರ ದೃಷ್ಟಿ ತಾಗೀತೆಂದು ಮೆಣಸಿನಕಾಯಿ ಇಳಿಸಿ ಒಲೆಗೆ ಹಾಕಿದವಳೂ ಅವಳೇ.

ಅವನು ಸತ್ತದ್ದು ಯುದ್ಧದಲ್ಲಲ್ಲ. ಗಡಿಯ ಬೆಟ್ಟದ ದಾರಿಯಲ್ಲಿ ಹಿಮ ಕುಸಿದು, ಅವನಿದ್ದ ಲಾರಿ ಕಣಿವೆಗೆ ಉರುಳಿತ್ತು. ಸುದ್ದಿ ಬಂದಾಗ ಸುಗರಾಬಿ ಮೊರದಲ್ಲಿ ಜೋಳ ಕೇರುತ್ತಿದ್ದಳು. ಸೊಸೆ ಹುಮೇರಾ “ಅಮ್ಮಿ” ಎನ್ನುತ್ತ ಫೋನನ್ನು ಅತ್ತೆಯ ಕೈಗಿಟ್ಟಳು. ಗುರುಮಠಕಲ್ಲಿನಿಂದ ಆ ಹುಡುಗಿ ಈ ಮನೆ ತುಂಬಿ ಎರಡು ವರ್ಷ ಕೂಡ ಆಗಿರಲಿಲ್ಲ.

ಮುಜಫರನ ಪೆಟ್ಟಿಗೆ ಹೊತ್ತು ಹೈದರಾಬಾದಿನಿಂದ ಬಂದ ಸೇನೆಯ ವಾಹನವನ್ನು ಸುಗರಾಬಿ, ಫಕೀರಸಾಬ ಯಾದಗಿರಿಯಲ್ಲಿ ಎದುರುಗೊಂಡು, ಹಿಂದಿನ ಜೀಪಿನಲ್ಲಿ ಕೂತು ಬಂದರು. ಶಹಾಪುರ ಮುಟ್ಟುವಷ್ಟರಲ್ಲಿ ರಸ್ತೆಯ ಎರಡೂ ಬದಿಗೆ ಜನವೋ ಜನ. ಶಾಲೆಯ ಮಕ್ಕಳು, ಬಸ್ ನಿಲ್ದಾಣದ ಹಣ್ಣಿನವರು, ಹತ್ತಿ ಬಿಡಿಸುವುದನ್ನು ಬಿಟ್ಟು ಉಡಿ ಬಿಚ್ಚದೆ ಓಡಿ ಬಂದ ಹೆಣ್ಣಾಳುಗಳು. ‘ಆಟೊ ಬಾಜೂಕ ಹಚ್ಚು’ ಎಂದು ಫಕೀರಸಾಬನಿಗೆ ದಿನವೂ ಕೂಗುತ್ತಿದ್ದ ಪೊಲೀಸಪ್ಪ ಅದೇ ಚೌಕದಲ್ಲಿ ಸೆಲ್ಯೂಟ್ ಹೊಡೆದು ನಿಂತಿದ್ದ.

“ಇಷ್ಟು ಮಂದಿ ನಮ್ಮ ಮುಜಫರಗ ಬಂದಾರೇನ?” ಎಂದು ಫಕೀರಸಾಬ ತನ್ನಷ್ಟಕ್ಕೆ ಕೇಳಿಕೊಂಡ.

ಸುಗರಾಬಿಯ ಎದೆ ಒಂದು ಗಳಿಗೆ ಉಬ್ಬಿತು. ನನ್ನ ಹೊಟ್ಟೆಯಲ್ಲಿ ಹುಟ್ಟಿದವನು, ಇಡೀ ಶಹಾಪುರ ಎದ್ದು ನಿಂತಿದೆ. ಮರುಗಳಿಗೆಗೆ ತನ್ನ ಮೇಲೇ ಹೇಸಿಗೆಯಾಯಿತು. ಮಗ ಪೆಟ್ಟಿಗೆಯಲ್ಲಿ ಮಲಗಿರುವಾಗ ಹೆಮ್ಮೆಪಡುವ ತಾಯಿ ಎಂಥವಳು? ಸೆರಗು ಬಾಯಿಗೆ ತುರುಕಿಕೊಂಡು ಕೂತಳು.

ಗೋಗಿಯ ಶಾಲೆಯ ಮೈದಾನದಲ್ಲಿ ಸಿಪಾಯಿಗಳು ಗಾಳಿಯಲ್ಲಿ ಗುಂಡು ಹಾರಿಸಿ ವಂದಿಸಿದರು. ಆಮೇಲೆ ಪೆಟ್ಟಿಗೆಯ ಮೇಲಿನ ಬಾವುಟ ತೆಗೆಯಲು ಬಂದರು. ಸುಗರಾಬಿ ಅದರ ಅಂಚನ್ನು ಗಟ್ಟಿಯಾಗಿ ಹಿಡಿದುಬಿಟ್ಟಳು.

“ತಗೀಬ್ಯಾಡ್ರಿ ಸಾಹೇಬ್ರ. ಹಿಮದಾಗ ಸತ್ತಾನ ನನ್ನ ಕೂಸು. ಥಂಡಿ ಆಗತದ. ಮ್ಯಾಲ ಹೊಚ್ಚೇ ಕಳಸ್ರಿ.”

ಮೀಸೆ ನರೆತ ಸುಬೇದಾರ ವಿಜಯಪುರದ ಕಡೆಯವನು. ಟೊಪ್ಪಿಗೆ ಕಂಕುಳಲ್ಲಿ ಇಟ್ಟುಕೊಂಡು ಅವಳ ಪಕ್ಕ ಕುಕ್ಕುರುಗಾಲಲ್ಲಿ ಕೂತ. “ಯವ್ವಾ, ಇದು ಮಣ್ಣಿಗಿ ಹೋಗಬಾರದು. ಮಗನ್ನ ನೀವು ಮಣ್ಣಿಗಿ ಕೊಡ್ರಿ. ಇದನ್ನ ನಾವು ನಿಮ್ಮ ಮನಿಗಿ ಕೊಡ್ತೀವಿ. ಅವ ಯಾರ ಸಲುವಾಗಿ ಹೋದನಂತ ನಾಳಿಗಿ ಯಾರರ ಕೇಳಿದ್ರ, ಇದು ಇರಬೇಕಲ್ಲ?”

ಅವಳು ಕೈ ಸಡಿಲಿಸಿದಳು. ಸಿಪಾಯಿಗಳು ಮಡಿಚಿದ ಬಾವುಟ ಹಿಡಿದು ಸುಬೇದಾರ ತಿರುಗಿದಾಗ ಸುಗರಾಬಿ ಎರಡೂ ಅಂಗೈ ಚಾಚಿದಳು. ಆತ ಅವಳನ್ನು ದಾಟಿ ಹೋಗಿ ಹಿಂದೆ ನಿಂತಿದ್ದ ಹುಮೇರಾಳ ಕೈಗೆ ಅದನ್ನು ಕೊಟ್ಟು ವಂದಿಸಿದ. ಹೆಂಡತಿಗೇ ಕೊಡುವುದು ಪದ್ಧತಿಯಂತೆ. ಚಾಚಿದ ಕೈಗಳನ್ನು ಎಲ್ಲಿ ಇಟ್ಟುಕೊಳ್ಳಬೇಕೆಂದು ಸುಗರಾಬಿಗೆ ತಿಳಿಯಲಿಲ್ಲ.

ಆ ದಿನದಿಂದ, ಗಂಡ ಸತ್ತವಳು ಮನೆಯೊಳಗೇ ಇರಬೇಕಾದ ಇದ್ದತ್ತಿನ ತಿಂಗಳುಗಳಲ್ಲಿ ಹುಮೇರಾ ಹೊಸ್ತಿಲು ದಾಟಲಿಲ್ಲ. ಬಾವುಟ ಅವಳ ಟ್ರಂಕಿನಲ್ಲಿತ್ತು. ಒಂದೇ ಸೂರಿನ ಕೆಳಗೆ ಒಬ್ಬನಿಗಾಗಿಯೇ ಅಳುತ್ತಿದ್ದ ಇಬ್ಬರು ಹೆಂಗಸರು ದೂರ ದೂರ ಕೂತು ಅಳುತ್ತಿದ್ದರು. ಒಮ್ಮೆ ಸುಗರಾಬಿ, “ದಾರಿ ಧೂಳು ಹತ್ತ್ಯದ, ಒಗದು ಬಿಸಲಿಗಿ ಹಾಕ್ತೀನಿ, ಕೊಡು” ಅಂದಳು. “ಹಂಗ ಹಗ್ಗಕ್ಕ ಹಾಕಬಾರದು ಅಮ್ಮಿ, ಅದು ಅರಿವಿ ಅಲ್ಲ” ಎಂದಳು ಹುಮೇರಾ. ಆಡಿದ್ದು ಮೆಲ್ಲಗೇ. ಸುಗರಾಬಿಗೆ ಮಾತ್ರ ಕೆನ್ನೆಗೆ ಬಾರಿಸಿದಂತಾಯಿತು. ಹೆತ್ತವಳಿಗೆ ಇವಳು ಬುದ್ಧಿ ಹೇಳುತ್ತಾಳೆ!

ಜನವರಿ ಇಪ್ಪತ್ತಾರಕ್ಕೆ ಶಹಾಪುರದಿಂದ ಕರೆ ಬಂತು. ಹುಮೇರಾ ಹೊರಡುವಂತಿರಲಿಲ್ಲ, ಸುಗರಾಬಿಯೇ ಹೋದಳು. ಶಾಲು ಹೊದಿಸಿದರು, ಮಗನ ಹೆಸರನ್ನು ಮೈಕಿನಲ್ಲಿ ಹೇಳಿದರು. ಬಾವುಟ ಬಿಚ್ಚಿಕೊಂಡಿತು, ಎಲ್ಲರೂ ಎದ್ದು ನಿಂತರು. ಇಷ್ಟು ವರ್ಷ ಅವಳ ಪಾಲಿಗೆ ಅದು ಸರಕಾರಿ ಆಫೀಸಿನ ಮೇಲೆ ಇರುವಂಥದ್ದು, ಅವರದ್ದು. ಇವತ್ತು ಹಾಗನ್ನಿಸಲಿಲ್ಲ. ಅದರ ನೇಯ್ಗೆಯ ಒರಟು ಅವಳ ಬೆರಳಿಗೆ ಗೊತ್ತಿತ್ತು. ಪಕ್ಕದ ಮನೆಯ ಗೊಲ್ಲಾಳಮ್ಮ ಜೊತೆಗೆ ಬಂದಿದ್ದಳು. ಸುಗರಾಬಿಯ ತೋಳು ಹಿಡಿದು, “ಬರೇ ನಿನ್ನ ಮಗ ಅಲ್ಲಬೇ, ಊರ ಮಗ ಆಗ್ಯಾನ” ಅಂದಳು. ಊರಿನವನಾದ, ದೇಶದವನಾದ, ಹೆಂಡತಿಯವನಾದ. ತನಗೆ ಉಳಿದದ್ದೆಷ್ಟು ಎಂದು ಸುಗರಾಬಿ ಯೋಚಿಸುತ್ತ ಮನೆಗೆ ಬಂದಳು.

ಬಂದವಳೇ ಶಾಲು ಮೂಲೆಗೆ ಒಗೆದು ಅಂದಳು: “ನೀ ಹ್ಯಾಂಗೂ ತವರಿಗಿ ಹೋಗಾಕಿ. ಬಾವುಟ ನನಗ ಬಿಟ್ಟು ಹೋಗು.”

ಹುಮೇರಾ ಟ್ರಂಕಿನ ಮುಚ್ಚಳದ ಮೇಲೆ ಕೈ ಇಟ್ಟಳು. “ಅಮ್ಮಿ, ಅವರು ಅಂಬೆಗಾಲು ಇಟ್ಟಿದ್ದು ನಿಮಗ ಗೊತ್ತದ. ಸಾಲಿಗಿ ಹೋಗಿದ್ದು, ಬಿದ್ದು ಮೊಣಕಾಲು ಒಡಕೊಂಡಿದ್ದು ಗೊತ್ತದ. ಗೋರಿ ಇದೇ ಊರಾಗ ಅದ. ಅವರು ರಜಾದಾಗ ಬಂದಾಗ ನಾ ನೋಡಿದ್ದಷ್ಟೇ. ಒಂದು ಕೂಸೂ ಇಲ್ಲ. ನನಗೇನದ ಹೇಳ್ರಿ?”

ಸುಗರಾಬಿ ಅಡುಗೆಮನೆಗೆ ಹೋದಳು. ರೊಟ್ಟಿ ಬಡಿಯುತ್ತ ಬಡಿಯುತ್ತ ಅತ್ತಳು. ಇದ್ದತ್ತು ಮುಗಿದು ತವರಿನವರು ಹುಮೇರಾಳನ್ನು ಕರೆದೊಯ್ಯಲು ಬಂದ ದಿನ ಟ್ರಂಕಿನಲ್ಲಿ ಬಾವುಟಕ್ಕೆ ತಾನೇ ಜಾಗ ಮಾಡಿ, ಮೇಲೊಂದು ಬಿಳಿ ದುಪಟ್ಟಾ ಸುತ್ತಿ ಇಟ್ಟಳು. “ಜ್ವಾಪಾನ” ಎಂದಷ್ಟೇ ಅಂದಳು. ಹುಮೇರಾ ಅವಳ ಕೊರಳಿಗೆ ಬಿದ್ದಳು. ಇಬ್ಬರೂ ಹತ್ತಿರ ನಿಂತು ಅತ್ತದ್ದು ಅದೇ ಮೊದಲು.

ವರ್ಷ ಕಳೆದ ಮೇಲೆ ಹುಮೇರಾಳಿಗೆ ಸುರಪುರದ ಫಿರೋಜ್ ಎಂಬವನೊಂದಿಗೆ ನಿಕಾಹ್ ಆಯಿತೆಂದು ಕೇಳಿಬಂತು. ಹೆಂಡತಿ ಸತ್ತವನು, ಸೈಕಲ್ ಅಂಗಡಿ ಇಟ್ಟವನು. “ಚಲೋ ಆತು, ಸಣ್ಣ ಹುಡುಗಿ” ಎಂದ ಫಕೀರಸಾಬ. ಸುಗರಾಬಿಯೂ ಹೌದೆಂದಳು. ಆ ದಿನ ಇಬ್ಬರಿಗೂ ಊಟ ಸೇರಲಿಲ್ಲ.

ಮಳೆ ಬಿಟ್ಟ ಒಂದು ಮಧ್ಯಾಹ್ನ ಹುಮೇರಾ ಒಬ್ಬಳೇ ಬಾಗಿಲಲ್ಲಿ ಬಂದು ನಿಂತಳು, ಕೈಯಲ್ಲೊಂದು ಚೀಲ. ಸುಗರಾಬಿ ಹಿಗ್ಗಿ ಒಳಗೆ ಕರೆದು ಬಿಸಿ ರೊಟ್ಟಿ, ಪುಂಡಿಪಲ್ಯ ಬಡಿಸಿದಳು. ಉಂಡು ಕೈ ತೊಳೆದುಕೊಂಡು ಬಂದು ಹುಮೇರಾ ಚೀಲದಿಂದ ಬಿಳಿ ದುಪಟ್ಟಾದ ಗಂಟು ತೆಗೆದಳು.

“ಯಾಕ ಬೇಟಿ? ಅವ ಏನರ ಅಂದನೇನು?”

“ಇಲ್ಲ ಅಮ್ಮಿ, ಅವರು ಕೆಟ್ಟವರಲ್ಲ. ಮೊದಲಿನ ಹೆಂಡ್ತಿ ಫೋಟೊ ಗ್ವಾಡಿ ಮ್ಯಾಲಿತ್ತು. ನಾ ಬಂದ ದಿನ ತಾವೇ ತಗದು ಅವರ ತಂಗಿ ಮನಿಗಿ ಕಳಸಿದ್ರು. ನನಗ ಏನೂ ಅನಲಿಲ್ಲ. ಆದ್ರ ಪೆಟಗಿ ತಗದಾಗೊಮ್ಮೆ ನಾ ಅಳೋದು ನೋಡ್ತಾರ, ಸುಮ್ನ ಅಂಗಡಿಗಿ ಹೋಗ್ತಾರ. ಎರಡು ಮನಿ ಒಂದೇ ಎದಿಯಾಗ ಹ್ಯಾಂಗ ಇಟಗೊಳ್ಳಲಿ?”

ಅಷ್ಟು ಹಂಬಲಿಸಿದ್ದ ಬಾವುಟ ಮಡಿಲಿಗೆ ಬಂದಾಗ ಸುಗರಾಬಿಗೆ ಅದು ಬೇಡವೆನಿಸಿತು. ಸುರಪುರದ ಒಂದು ಟ್ರಂಕಿನಲ್ಲಾದರೂ ಮಗ ಯಾರದೋ ಗಂಡನಾಗಿ ಉಳಿದಿದ್ದ. ಇವತ್ತು ಅದೂ ಮುಗಿಯಿತು.

ಹುಮೇರಾ ಹೋಗುವ ಮುಂಚೆ ಇಬ್ಬರೂ ಅದನ್ನು ಮಂಚದ ಮೇಲೆ ಬಿಚ್ಚಿ ಹಾಸಿದರು. ಫಕೀರಸಾಬ ಹೊರಗಿನಿಂದ ಬಂದವನು ಚಪ್ಪಲಿ ಕಳಚಿ ಬಾಗಿಲಲ್ಲೇ ನಿಂತ. ಆಮೇಲೆ ಅತ್ತೆ ಒಂದು ತುದಿ, ಸೊಸೆ ಒಂದು ತುದಿ ಹಿಡಿದು ಕೇಸರಿ, ಹಸಿರು ಒಳಗಾಗುವಂತೆ ಮಡಿಚುತ್ತ ಬಂದರು.

ಬಸ್ಸಿನ ಹೊತ್ತಾಗಿತ್ತು. ಫಕೀರಸಾಬ ಆಟೊ ಚಾಲೂ ಮಾಡಿದ. “ಬರ್ತಾ ಇರು” ಎಂದಳು ಸುಗರಾಬಿ. ಹುಮೇರಾ ತಲೆಯಾಡಿಸಿದಳು. ಆದರೆ ಅವಳು ಮತ್ತೆ ಬರಲಿಲ್ಲ. ಸುರಪುರದಲ್ಲಿ ಅವಳಿಗೊಂದು ಹೆಣ್ಣು ಕೂಸು ಹುಟ್ಟಿದೆಯೆಂದು ಯಾರೋ ಹೇಳಿದಾಗ, ಸುಗರಾಬಿ ಒಂದು ಕುಲಾವಿ ಹೊಲಿದು ಕಳಿಸಿದಳು.