ಅಂಗಿಯ ಆರು ಗುಂಡಿ

"ನನ್ನ ಅಳು ಜಾಸ್ತಿ ಆಯ್ತಂತಾ? ಏನು, ಟೇಪು ಹಿಡ್ಕೊಂಡು ಅಳತೆ ತಗೊಂಡ್ರಾ ನಿಮ್ಮವರು?"

"ಜಾಸ್ತಿ ಅಂದ್ರೆ ಜಾಸ್ತಿ ಕಣಕ್ಕ. ಮೂರು ಜನ ನೋಡಿದ್ರು, ಮೂರು ಜನಾನೂ ಅದನ್ನೇ ಅಂದ್ರು."

"ಹಾಗಾದ್ರೆ ಆ ಮೂರು ಜನರನ್ನೇ ಕೂರಿಸಿ ಅಳಿಸು. ನನ್ನನ್ನ ಯಾಕೆ ಕರೆಸಿದೆ? ವಾರಕ್ಕೊಂದು ದಿನ ಮನೆ ಗುಡಿಸ್ಕೋತೀನಿ, ಅದಕ್ಕೂ ಕಲ್ಲು ಹಾಕಿದೆ."

"ಬಾಯಿ ಮುಚ್ಕೊಂಡು ಹೇಳಿದಷ್ಟು ಮಾಡೋಕೆ ಏನು ಕಷ್ಟ ನಿನಗೆ?"

ಅಕ್ಕ ನನಗಿಂತ ಏಳು ವರ್ಷ ದೊಡ್ಡವಳು. ನಾನು ಶಾಲೆಯಲ್ಲಿ ಹೊಡೆದಾಡಿ ಹರಿದುಕೊಂಡು ಬಂದ ಅಂಗಿಗಳನ್ನೆಲ್ಲ ಅಮ್ಮನಿಗೆ ತಿಳಿಯದ ಹಾಗೆ ಹೊಲಿದುಕೊಟ್ಟವಳು. ಅವಳಿಗೆ ಬಾಯಿ ಮುಚ್ಚು ಎಂದು ನಲವತ್ತೇಳು ವರ್ಷದಲ್ಲಿ ಒಂದು ಸಲವೂ ಅಂದಿರಲಿಲ್ಲ. ಅವತ್ತು ಅಂದೆ. ಅವಳು ಹೊಲಿಗೆ ಯಂತ್ರದ ಮುಂದಿನ ಸ್ಟೂಲಿನ ಮೇಲೆ ಕೂತು ದಾರದ ಬಾಬಿನ್ ಬಿಚ್ಚಿ ಮತ್ತೆ ಹಾಕಿದಳು.

ಜಗಳ ನಡೆದದ್ದು ನನ್ನ ಮೋಟರ್ ವೈಂಡಿಂಗ್ ಅಂಗಡಿಯಲ್ಲಿ. ಭಾನುವಾರ ಮಧ್ಯಾಹ್ನ. ಷಟರ್ ಅರ್ಧ ಇಳಿಸಿದ್ದೆ. ಸುಟ್ಟ ಮೋಟರುಗಳನ್ನು ಒಂದು ಮೂಲೆಗೆ ನೂಕಿ ಟಾರ್ಪಾಲು ಹೊದಿಸಿ, ಉಳಿದ ಜಾಗವನ್ನು ದರ್ಜಿ ಅಂಗಡಿ ಮಾಡಿದ್ದೆ. ಯಂತ್ರ ಅಕ್ಕನದೇ. ಅವಳು ನಿಜಕ್ಕೂ ದರ್ಜಿ. ನನ್ನ ಸಿನಿಮಾದಲ್ಲೂ ದರ್ಜಿ.

ಸಿನಿಮಾ ಅಂದರೆ ಒಂಬತ್ತು ನಿಮಿಷದ್ದು. ನಾನು ಮಾಡಿದ ಮೊದಲನೆಯದು. ಕಥೆ ಇಷ್ಟೇ. ಒಬ್ಬ ಗಂಡಸು ಅಂಗಿ ಹೊಲಿಯಲು ಕೊಟ್ಟು ಹೋದವನು ತಿರುಗಿ ಬರುವುದಿಲ್ಲ. ಅಂಗಿ ಒಂದು ವರ್ಷ ಅಂಗಡಿಯ ಮೊಳೆಯಲ್ಲಿ ತೂಗುತ್ತದೆ. ಒಂದು ದಿನ ಅವನ ಹೆಂಡತಿ ಬಂದು ಅಂಗಿ ಕೇಳುತ್ತಾಳೆ. ಅವನು ತೀರಿಹೋಗಿದ್ದಾನೆ ಎಂದು ದರ್ಜಿಗೆ ಆಗ ತಿಳಿಯುತ್ತದೆ. ಅಂಗಿ ಮಡಚಿ ಕೊಡುತ್ತಾಳೆ, ಹೆಂಡತಿ ಹೋಗುತ್ತಾಳೆ, ದರ್ಜಿ ಅಳುತ್ತಾಳೆ. ಇದನ್ನು ಒಂದು ಕಿರುಚಿತ್ರ ಸ್ಪರ್ಧೆಗೆ ಕಳಿಸಬೇಕೆಂದು ಹಠ ಹಿಡಿದಿದ್ದೆ. ಕೊನೆಯ ದಿನ ಬುಧವಾರ. ಕ್ಯಾಮೆರಾ ನಮ್ಮೂರಿನ ಫೋಟೋ ಸ್ಟುಡಿಯೋದವನದು. ಮದುವೆ ಕೆಲಸ ಇಲ್ಲದ ದಿನ ಮಾತ್ರ ಕೊಡುತ್ತಿದ್ದ, ಅವನಿಗೆ ಈ ಭಾನುವಾರ ಬಿಟ್ಟರೆ ಬಿಡುವಿರಲಿಲ್ಲ. ಹಾಗಾಗಿ ಅವತ್ತು ಅಕ್ಕ ಒಂದು ನಿಮಿಷದ ದೃಶ್ಯವನ್ನು ಮತ್ತೆ ಮಾಡಿಕೊಟ್ಟರೆ ಸಿನಿಮಾ ಉಂಟು, ಇಲ್ಲದಿದ್ದರೆ ಇಲ್ಲ.

ಹಿಂದಿನ ಭಾನುವಾರ ಏನಾಯಿತು ಎಂದು ಹೇಳಬೇಕು.

ನಾವು ನಾಲ್ಕು ಜನ ಸ್ಟುಡಿಯೋದ ಹಿಂದಿನ ಕೋಣೆಯಲ್ಲಿ ಸೇರುತ್ತೇವೆ. ಡ್ರಾಯಿಂಗ್ ಮೇಷ್ಟ್ರು, ಒಬ್ಬ ಬಸ್ ಕಂಡಕ್ಟರ್, ಒಬ್ಬರು ನರ್ಸಮ್ಮ, ನಾನು. ನನ್ನನ್ನು ಅಲ್ಲಿ 'ಮೋಟರ್' ಎಂದೇ ಕರೆಯುವುದು. ಕಸುಬಿನಿಂದ ಬಂದ ಹೆಸರು, ಆದರೆ ಬೇಗ ಬಿಸಿಯಾಗುತ್ತೇನೆ ಎಂಬುದೂ ಅದರಲ್ಲಿ ಸೇರಿದೆ. ಯಾರಾದರೂ ಏನಾದರೂ ಚಿತ್ರೀಕರಿಸಿ ತಂದರೆ ಎಲ್ಲರೂ ನೋಡಿ ಮಾತಾಡುತ್ತೇವೆ. ಮೊದಲು ಮನಸ್ಸಿಗೆ ಬಂದಂತೆ ಮಾತಾಡುತ್ತಿದ್ದೆವು. ಕಂಡಕ್ಟರ್ ತನ್ನ ಬಸ್ಸಿನ ಮೇಲೆ ಮಾಡಿದ ಮೊದಲ ಸಿನಿಮಾ ತೋರಿಸಿದಾಗ, "ಇದನ್ನ ನೋಡೋ ಬದಲು ಬಸ್ಸಿಗೇ ಕಾಯಬಹುದಿತ್ತು, ಅದಾದ್ರೂ ಬರುತ್ತೆ" ಎಂದು ನಾನು ಅಂದೆ. ಎಲ್ಲರೂ ನಕ್ಕರು. ಅವನೂ ನಕ್ಕ. ಆಮೇಲೆ ಎರಡು ತಿಂಗಳು ಅವನು ಆ ಕಡೆ ತಲೆ ಹಾಕಲಿಲ್ಲ. ಮೇಷ್ಟ್ರೇ ಹೋಗಿ ಕರೆದುಕೊಂಡು ಬಂದರು. ಬಂದ ದಿನ ಒಂದು ಕಟ್ಟಳೆ ಮಾಡಿದರು.

ಸಿನಿಮಾ ಯಾರದೋ ಅವರು ಮೂಲೆಯ ಸಿಂಕಿನ ಹತ್ತಿರ ನಿಂತು, ನಮಗೆ ಬೆನ್ನು ಮಾಡಿ, ಚಹಾ ಕುಡಿದ ಲೋಟಗಳನ್ನು ತೊಳೆಯಬೇಕು. ಎಲ್ಲರ ಮಾತು ಮುಗಿಯುವವರೆಗೆ ತಿರುಗುವ ಹಾಗಿಲ್ಲ, ಬಾಯಿ ತೆರೆಯುವ ಹಾಗಿಲ್ಲ. ಮಾತಾಡುವವರಿಗೂ ಕಟ್ಟಳೆ ಇತ್ತು. ಚೆನ್ನಾಗಿದೆ, ಚೆನ್ನಾಗಿಲ್ಲ ಎನ್ನಬಾರದು. ಯಾವ ನಿಮಿಷದಲ್ಲಿ ಏನು ಕಂಡಿತು, ತಮಗೆ ಏನಾಯಿತು ಎಂದು ಹೇಳಬೇಕು. ಮೊದಲು ಉಳಿಸಬೇಕಾದದ್ದನ್ನು ಹೇಳಿ ಆಮೇಲೆ ತೆಗೆಯಬೇಕಾದದ್ದನ್ನು ಹೇಳಬೇಕು.

ಹಿಂದಿನ ಭಾನುವಾರ ನನ್ನ ಸರದಿ. ನಾನು ಲೋಟ ತೊಳೆಯುತ್ತ ನಿಂತೆ.

ಮೇಷ್ಟ್ರು ಹೇಳಿದರು: "ಏಳನೇ ನಿಮಿಷ. ಆಕೆ ಅಂಗಿ ಮಡಚೋಕೆ ಮುಂಚೆ ಮೇಜಿನ ಮೇಲೆ ಹಾಸಿ ಗುಂಡಿ ಹಾಕ್ತಾರೆ. ಮೇಲಿಂದ ಕೆಳಗೆ ಆರೂ ಗುಂಡಿ. ಹಾಕಿ ಕಾಲರ್ ಸರಿ ಮಾಡ್ತಾರೆ, ಒಳಗೆ ಮನುಷ್ಯ ಇದ್ದಾನೆ ಅನ್ನೋ ಹಾಗೆ. ನನಗೆ ಸಿನಿಮಾ ಅಲ್ಲೇ ಮುಗೀತು. ಇದನ್ನ ಯಾರು ಹೇಳಿಕೊಟ್ರೋ ಗೊತ್ತಿಲ್ಲ, ಯಾರೂ ಹೇಳಿಕೊಟ್ಟಿರಲಾರರು. ಆದ್ರೆ ಆ ಹೊತ್ತಿನಲ್ಲಿ ಅವರ ಕೈ ಮಂಜು ಮಂಜು. ಹಿಂದಿರೋ ಯಂತ್ರ ಮಾತ್ರ ಸ್ಪಷ್ಟವಾಗಿದೆ. ಅದು ಕ್ಯಾಮೆರಾ ಹಿಡಿದವರ ತಪ್ಪು. ಅದೊಂದನ್ನ ಮತ್ತೆ ತೆಗೀರಿ. ಎಂಟನೇ ನಿಮಿಷದಿಂದ ಇರೋ ಅಳು ಬೇಡ. ಅದು ಸುಳ್ಳು ಅಂತಲ್ಲ. ಅಷ್ಟು ಹೊತ್ತಿಗೆ ನಮ್ಮ ಅಳು ಆಗಿಹೋಗಿರುತ್ತೆ."

ನರ್ಸಮ್ಮ, ಕಂಡಕ್ಟರ್ ಇಬ್ಬರೂ ಅದನ್ನೇ ಬೇರೆ ಮಾತಿನಲ್ಲಿ ಹೇಳಿದರು. ನರ್ಸಮ್ಮ ಗುಂಡಿಯ ದೃಶ್ಯವನ್ನು ಇನ್ನೆರಡು ಸಲ ಹಿಂದಕ್ಕೆ ಓಡಿಸಿ ನೋಡಿದರು. ನಾನು ಒಂದೇ ಲೋಟವನ್ನು ಮೂರನೇ ಸಲ ತೊಳೆಯುತ್ತಿದ್ದೆ. ಕಿವಿ ಕಾದಿತ್ತು. ಆದರೂ ತಿರುಗಲಿಲ್ಲ. ಕೊನೆಗೆ "ಆಯ್ತು, ಮತ್ತೆ ತೆಗೀತೀನಿ" ಎಂದೆ. ಮೋಟರ್ ಇವತ್ತು ಬಿಸಿ ಆಗಲಿಲ್ಲವಲ್ಲ ಎಂದು ಕಂಡಕ್ಟರ್ ಬೆನ್ನು ತಟ್ಟಿದ. ನನಗೂ ನಾನು ದೊಡ್ಡ ಮನುಷ್ಯನಾದೆ ಎನಿಸಿತು.

ಅವರಿಗೆ ತಿಳಿಯದ ಒಂದು ವಿಷಯ ಇತ್ತು. ಆ ದೃಶ್ಯ ತೆಗೆಯುವ ಮೊದಲು ನಾನು ಅಕ್ಕನ ಹತ್ತಿರ ಹೋಗಿ, "ಭಾವ ಹೋದ ದಿನ ಆಸ್ಪತ್ರೆಯಲ್ಲಿ ಅವರ ಅಂಗಿ ನಿನ್ನ ಕೈಗೆ ಕೊಟ್ರಲ್ಲ, ಅದನ್ನ ನೆನಪಿಸ್ಕೋ" ಎಂದಿದ್ದೆ. ಭಾವ ಹೋಗಿ ನಾಲ್ಕು ವರ್ಷ. ಆ ಅಂಗಿಯ ಮಾತನ್ನು ಅಕ್ಕ ನನ್ನ ಹತ್ತಿರ ಒಂದೇ ಸಲ ಆಡಿದ್ದಳು. ನಾನು ಹಾಗೆಂದಾಗ ಅವಳು ನನ್ನ ಮುಖ ನೋಡಿ ಮೇಜಿನ ಹತ್ತಿರ ಹೋದಳು. ಅವಳು ಅಂಗಿ ಮಡಚಿ ಕೊಟ್ಟು ನೇರ ಯಂತ್ರದ ಮುಂದೆ ಕೂತು ಅಳುತ್ತಾಳೆ ಎಂದು ನಾನು ಫೋಕಸ್ಸನ್ನು ಯಂತ್ರದ ಮೇಲೆ ಇಟ್ಟು ಕಾಯುತ್ತಿದ್ದೆ. ಅವಳು ಮೇಜಿನ ಹತ್ತಿರವೇ ನಿಂತು ಗುಂಡಿ ಹಾಕಿದಳು. ನಾನು ನೋಡಿದೆ, ಆದರೆ ಅಳು ತಪ್ಪಿಹೋದೀತು ಎಂದು ಕ್ಯಾಮೆರಾ ಮುಟ್ಟಲಿಲ್ಲ. ಆಮೇಲೆ ಅವಳು ಕೂತು ಅತ್ತಳು. ಅದು ಚೆನ್ನಾಗಿ ಬಂತು.

ಇಷ್ಟನ್ನೂ ಅಕ್ಕನಿಗೆ ನಾನು ಹೇಗೆ ಮುಟ್ಟಿಸಿದೆ? ಫೋನಿನಲ್ಲಿ, "ಭಾನುವಾರ ಬಾ, ಕೊನೇದು ಸರಿ ಬಂದಿಲ್ಲ, ಮತ್ತೆ ಮಾಡಬೇಕು" ಎಂದೆ. ಬಂದ ಮೇಲೆ, "ನಿನ್ನ ಅಳು ಜಾಸ್ತಿ ಆಯ್ತಂತೆ, ತೆಗೆದುಹಾಕ್ತೀನಿ, ಬರೀ ಗುಂಡಿ ಹಾಕು ಸಾಕು" ಎಂದೆ. ಫೋಕಸ್ಸಿನ ಮಾತು ಎತ್ತಲಿಲ್ಲ. ಮೇಷ್ಟ್ರು ಹೊಗಳಿದ್ದನ್ನೂ ಹೇಳಲಿಲ್ಲ. ಹೊಗಳಿಕೆ ಹೇಳಿದರೆ ಫೋಕಸ್ಸನ್ನೂ ಹೇಳಬೇಕಾಗುತ್ತಿತ್ತು, ಅವೆರಡೂ ಒಂದರ ಬೆನ್ನಿಗೊಂದು ಬಂದಿದ್ದವು.

ಜಗಳ ಅಲ್ಲಿಂದ ಶುರುವಾದದ್ದು.

ಬಾಬಿನ್ ಹಾಕಿ ಮುಗಿಸಿ ಅಕ್ಕ ಮೆಲ್ಲಗೆ ಕೇಳಿದಳು. "ಅಳು ಬೇಡ ಅಂತ ಮೊದಲೇ ಗೊತ್ತಿದ್ರೆ ಅವರ ಅಂಗಿ ಮಾತು ಯಾಕೆ ಎತ್ತಿದೆ ಅವತ್ತು?"

"ಮೊದಲೇ ಹೇಗೆ ಗೊತ್ತಾಗುತ್ತೆ? ತೆಗೆದು ನೋಡಿದ ಮೇಲೆ ತಾನೆ ಗೊತ್ತಾಗೋದು. ಸಿನಿಮಾ ಅಂದ್ರೆ ಹಾಗೇ."

"ಅವತ್ತು ಮನೆಗೆ ಹೋಗಿ ಎರಡು ದಿನ ಯಂತ್ರ ಮುಟ್ಟಿಲ್ಲ ನಾನು."

"ಅದಕ್ಕೆ ನಾನೇನು ಮಾಡ್ಲಿ?"

ಅಷ್ಟರಲ್ಲಿ ಷಟರಿನ ಕೆಳಗಿನಿಂದ ಬಗ್ಗಿಕೊಂಡು ಕಂಡಕ್ಟರ್ ಲೈಟಿನ ಸ್ಟ್ಯಾಂಡು ಹೊತ್ತು ಒಳಗೆ ಬಂದ. ಹಿಂದೆಯೇ ನರ್ಸಮ್ಮ ಬಂದರು. ಸಿನಿಮಾದಲ್ಲಿ ಹೆಂಡತಿಯ ಪಾತ್ರ ಅವರದು.

"ಒಳಗೆ ಹೋಗಿ, ಒಳಗೆ ಹೋಗಿ, ಮುಂದೆ ಖಾಲಿ ಇದೆ" ಎಂದು ಕಂಡಕ್ಟರ್ ತನ್ನ ಬಸ್ಸಿನ ದನಿ ತೆಗೆದ. ಯಾರೂ ನಗದಿದ್ದುದನ್ನು ನೋಡಿ ಸುಮ್ಮನೆ ಲೈಟು ಜೋಡಿಸಲು ಹೋದ.

ನರ್ಸಮ್ಮ ಅಕ್ಕನ ಪಕ್ಕ ಕೂತರು. "ಅಕ್ಕ, ಸಿನಿಮಾ ತೋರಿಸಿದ ದಿನ ನಿಮ್ಮನ್ನೂ ಕರ್ಕೊಂಡು ಬರಬೇಕಿತ್ತು ಇವರು. ನೀವು ಗುಂಡಿ ಹಾಕೋದನ್ನ ನಾನು ಎರಡೆರಡು ಸಲ ಹಿಂದೆ ಓಡಿಸಿ ನೋಡಿದೆ ಗೊತ್ತಾ? ಮೇಷ್ಟ್ರಂತೂ ಸಿನಿಮಾ ಅಲ್ಲೇ ಮುಗೀತು ಅಂದ್ರು. ಫೋಕಸ್ ಒಂದು ಇದ್ದಿದ್ರೆ ಇವತ್ತು ನಿಮಗೆ ಈ ತೊಂದರೆನೇ ಇರ್ತಿರಲಿಲ್ಲ."

ಅಕ್ಕ ತಲೆ ಎತ್ತಿದಳು. "ಏನು ಇದ್ದಿದ್ರೆ?"

"ಫೋಕಸ್. ನಿಮ್ಮ ಕೈ ಮಂಜಾಗಿ ಬಂದಿದೆಯಲ್ಲ. ಇವರು ಹೇಳಿಲ್ವಾ?"

ನಾನು ಕ್ಯಾಮೆರಾದ ಲೆನ್ಸನ್ನು ಒರೆಸುತ್ತಿದ್ದೆ. ಒರೆಸುತ್ತಲೇ ಇದ್ದೆ.

"ತೋರಿಸು" ಎಂದಳು ಅಕ್ಕ.

"ಆಮೇಲೆ ನೋಡೋಣ. ಈಗ ಕೆಲಸ ಮುಗಿಸೋಣ."

"ಈಗ ತೋರಿಸು ಕಣೋ."

ಲ್ಯಾಪ್‌ಟಾಪ್ ತೆರೆದು ಏಳನೇ ನಿಮಿಷಕ್ಕೆ ತಂದುಕೊಟ್ಟೆ. ಅಕ್ಕ ಕನ್ನಡಕ ಹಾಕಿಕೊಂಡು ನೋಡಿದಳು. ಅವಳು ತನ್ನನ್ನು ಪರದೆಯ ಮೇಲೆ ನೋಡಿದ್ದು ಅದೇ ಮೊದಲು. ಗುಂಡಿ ಹಾಕುವುದು, ಕಾಲರ್ ಸರಿ ಮಾಡುವುದು, ಮಡಚುವುದು, ಅಂಗಿ ಕೊಡುವುದು, ಕೂರುವುದು, ಅಳುವುದು. ಪೂರ್ತಿ ನೋಡಿ ಕನ್ನಡಕ ತೆಗೆದಳು.

"ಅವರು ಅಂದಿದ್ದು ಸರಿ" ಎಂದಳು. "ಅಳು ಬೇಡ. ನೋಡೋಕೆ ಆಗಲ್ಲ."

"ನಾನೂ ಅದನ್ನೇ ತಾನೆ ಅಂದಿದ್ದು ಆಗ್ಲಿಂದ."

"ನೀನು ಅದನ್ನ ಅನ್ನಲಿಲ್ಲ. ನಾನು ಸರಿಯಾಗಿ ಮಾಡಲಿಲ್ಲ ಅಂದೆ. ಇಲ್ಲಿ ನೋಡಿದ್ರೆ ನಾನು ಮಾಡಿದ್ದು ಇದೆ, ನೀನು ಸರಿಯಾಗಿ ತೆಗೆದಿಲ್ಲ." ಅವಳ ದನಿ ಏರಲಿಲ್ಲ. ಗಿರಾಕಿಗೆ ಬಟ್ಟೆ ಸಾಲುವುದಿಲ್ಲ ಎಂದು ಹೇಳುವ ದನಿ ಅದು. "ಇನ್ನೊಂದು ಹೇಳ್ತೀನಿ ಕೇಳು. ಒಂಬತ್ತು ನಿಮಿಷದಲ್ಲಿ ದರ್ಜಿ ಒಂದು ಹೊಲಿಗೆನೂ ಹಾಕಲ್ಲ. ಬರೀ ನನ್ನ ಮುಖ, ನನ್ನ ಮುಖ. ನನ್ನ ಮುಖದಲ್ಲಿ ಏನಿದೆ ಅಂತ ಅಷ್ಟು ಹತ್ತಿರ ಬರ್ತೀಯ? ಅಳ್ತಾಳಾ ಅಂತ ಕಾಯೋ ಹಾಗಿದೆ."

ಲೈಟಿನ ಹತ್ತಿರ ನಿಂತಿದ್ದ ಕಂಡಕ್ಟರ್ "ಇದು ಮೇಷ್ಟ್ರಿಗೂ ಹೊಳೀಲಿಲ್ಲ ನೋಡಿ" ಎಂದ.

ಅವಳು ಹೇಳಿದ್ದು ಸರಿ ಎಂದು ನನಗೆ ಅಲ್ಲೇ ತಿಳಿಯಿತು. ಇನ್ನೂ ಎರಡು ಗಂಟೆ ಬೆಳಕಿತ್ತು. ಯಂತ್ರ ಇತ್ತು, ಬಟ್ಟೆ ಇತ್ತು, ಅವಳು ಇದ್ದಳು. ಹೌದಕ್ಕ, ತಪ್ಪು ನಂದು, ನಾಲ್ಕು ಹೊಲಿಗೆ ಹಾಕು ತೆಗೀತೀನಿ ಎಂದಿದ್ದರೆ ಅವಳು ಹಾಕುತ್ತಿದ್ದಳು. ಅವಳ ಸ್ವಭಾವ ನನಗೆ ಗೊತ್ತು. ಸಿಂಕಿನ ಮುಂದೆ ಬೆನ್ನು ಮಾಡಿ ನಿಂತಾಗ ಬಂದ ತಾಳ್ಮೆ, ಎದುರಿಗೆ ನಿಂತಾಗ ಬರಲಿಲ್ಲ. ಇಬ್ಬರ ಮುಂದೆ ಹೇಳಿದಳಲ್ಲ ಎಂದು ಉರಿಯಿತು.

"ನಾಲ್ಕನೇ ಕ್ಲಾಸು ಓದಿದವಳು ನನಗೆ ಸಿನಿಮಾ ಹೇಳಿಕೊಡ್ತಾಳೆ" ಎಂದೆ. "ಗುಂಡಿ ಹಾಕೋದೇನು ದೊಡ್ಡ ವಿದ್ಯೆನಾ? ಬರೀ ಕೈ ತಾನೆ ಬೇಕಾಗಿರೋದು. ನಿನ್ನದೇ ಆಗಬೇಕು ಅಂತಿಲ್ಲ. ನರ್ಸಮ್ಮನ ಕೈ ಇದೆ, ಅವರದ್ದನ್ನ ತೆಗೀತೀನಿ."

"ನನ್ನ ಕೈ ಬೇಡ" ಎಂದರು ನರ್ಸಮ್ಮ ತಕ್ಷಣ. "ನನ್ನನ್ನ ಇದರಲ್ಲಿ ಎಳೀಬೇಡಿ."

ಅಕ್ಕ ಎದ್ದಳು. ಟೇಪನ್ನು ಸುತ್ತಿ ಚೀಲಕ್ಕೆ ಹಾಕಿದಳು. ಕತ್ತರಿ ಹಾಕಿದಳು. ಕನ್ನಡಕದ ಡಬ್ಬಿ ಹುಡುಕಿದಳು, ಅದು ಯಂತ್ರದ ಮೇಲೇ ಇತ್ತು. ಅಂಗಿಯನ್ನು ಮುಟ್ಟಲಿಲ್ಲ. ಅದು ನನ್ನ ಅಂಗಿ, ಸಿನಿಮಾಕ್ಕೆಂದು ಅವಳೇ ಹೊಲಿದದ್ದು.

"ಯಂತ್ರ ನಾಳೆ ಯಾರ ಕೈಲಾದ್ರೂ ಕಳಿಸು" ಎಂದಳು. "ನೀನೇ ತರಬೇಡ."

"ಅಕ್ಕ, ಕೂತ್ಕೊಳ್ಳಿ ಅಕ್ಕ, ಇವರ ಬಾಯಿ ನಿಮಗೆ ಹೊಸದಾ" ಎಂದು ಕಂಡಕ್ಟರ್ ದಾರಿಗೆ ಅಡ್ಡ ಬಂದ. "ನನಗೆ ಬಸ್ಸಿಗೆ ಕಾಯಬಹುದಿತ್ತು ಅಂದಿದ್ರು. ನಾನು ಎರಡು ತಿಂಗಳು ಮುನಿಸ್ಕೊಂಡು ಆಮೇಲೆ ಬಂದೆ."

"ನಿಮಗೆ ಸಿನಿಮಾ ಬೇಕಿತ್ತು, ಬಂದ್ರಿ" ಎಂದಳು ಅಕ್ಕ. "ನನಗೇನು ಬೇಕಿತ್ತು? ತಮ್ಮ ಕರೆದ, ಬಂದೆ."

ಅವಳು ಷಟರಿನ ಕೆಳಗೆ ಬಗ್ಗಿದಳು. ಮಂಡಿ ನೋವಿನಿಂದಾಗಿ ಬಗ್ಗಲು ಹೊತ್ತು ಹಿಡಿಯಿತು. ಷಟರನ್ನು ಮೇಲೆತ್ತಬೇಕಾದವನು ನಾನು. ಎತ್ತಿದವರು ನರ್ಸಮ್ಮ. ಅವರೂ ಅವಳ ಹಿಂದೆ ರಸ್ತೆಗೆ ಇಳಿದು ಮೂಲೆಯವರೆಗೆ ಹೋದರು. ನಾನು ಫೋಕಸ್ಸನ್ನು ಮೇಜಿನ ಮೇಲಿದ್ದ ಅಂಗಿಗೆ ಇಟ್ಟೆ. ಮೊದಲನೇ ಗುಂಡಿಯ ನಾಲ್ಕು ತೂತು, ದಾರ, ಎಲ್ಲ ಎಣಿಸುವಷ್ಟು ಸ್ಪಷ್ಟವಾಗಿ ಕಂಡಿತು.

ನರ್ಸಮ್ಮ ಒಬ್ಬರೇ ತಿರುಗಿ ಬಂದರು.

"ಬಸ್ ಹತ್ತಿದ್ರು" ಎಂದರು.

"ಸ್ವಲ್ಪ ಹೊತ್ತು ನೋಡೋಣ. ಮುಂದಿನ ಸ್ಟಾಪಲ್ಲಿ ಇಳಿದು ಬಂದ್ರೂ ಬರಬಹುದು" ಎಂದ ಕಂಡಕ್ಟರ್.

ಐದು ಗಂಟೆಯವರೆಗೆ ಲೈಟು ಉರಿಸಿಕೊಂಡೇ ಕೂತೆವು. ಅಕ್ಕ ಬರಲಿಲ್ಲ.