ಕಾಸ್ಮಿರ್ ಮುಳುಗಿದ ನಲವತ್ತು ಸೆಕೆಂಡು

ಬಾತು ನೀರಿನಲ್ಲಿ ಮುಳುಗಿದರೆ ದಡದಲ್ಲಿ ಕಾಸ್ಮಿರ್ ಪಿರೇರಾ ಉಸಿರು ಬಿಗಿಹಿಡಿಯುತ್ತಿದ್ದರು. ಹಕ್ಕಿ ಎಷ್ಟು ಹೊತ್ತು ಅಡಿಯಲ್ಲಿರುತ್ತದೆ ಎಂದು ಅಳೆಯಲು ಕೈಗಡಿಯಾರವಿದ್ದರೂ ಅದನ್ನು ನಂಬದೆ, ಕೆನ್ನೆ ಉಬ್ಬಿಸಿ, ಕಣ್ಣು ಮುಚ್ಚಿ, ಬೆರಳು ಮಡಚುತ್ತ ಎಣಿಸುವ ಅವರನ್ನು ಕಂಡಾಗ ನಿಜಕ್ಕೂ ಮುಳುಗಿದ್ದು ಯಾರು ಎಂಬ ಸಂಶಯ ನನಗೆ ಬರುತ್ತಿತ್ತು. ಹಕ್ಕಿ ಎದ್ದೊಡನೆ ಅವರ ಭುಜ ತಟ್ಟುವುದು ನನ್ನ ಪಾಲಿನ ಕ್ಷಾತ್ರಧರ್ಮ.

ಮಂಗಳೂರಿನ ಈ ಮಹಾಶಯರಿಗೆ ದೋಹಾದ ಕಂಪನಿಯೊಂದರ ಉಗ್ರಾಣವೇ ಸಾಮ್ರಾಜ್ಯ. ಮ್ಯಾನೇಜರೇ ಬಂದು "ಯಲ್ಲಾ, ಯಲ್ಲಾ" ಎಂದು ಅವಸರಪಡಿಸಿದರೂ, ಪೆಟ್ಟಿಗೆ ತೆರೆದು ಒಳಗಿನ ಬೋಲ್ಟುಗಳನ್ನು ಕಣ್ಣಾರೆ ಕಾಣದೆ ಸಹಿ ಹಾಕಿದವರಲ್ಲ. ಶುಕ್ರವಾರ ಬೆಳಿಗ್ಗೆ ಅದೇ ನಿಷ್ಠೆಯನ್ನು ತೋಳು ಸವೆದ ಖಾಕಿ ಕೋಟಿನೊಳಗೆ ತುರುಕಿಕೊಂಡು ಅಲ್ ಹಿಲಾಲ್ ಬಡಾವಣೆಯಿಂದ ಕಡಲಿಗೆ ದಂಡಯಾತ್ರೆ ಹೊರಡುತ್ತಿದ್ದರು. ಕಾರು ನನ್ನದು, ಚಹಾ ಅವರದು.

ತೊಂಬತ್ತನಾಲ್ಕರ ಜನವರಿಯಲ್ಲಿ ವಕ್ರಾ ಎಂಬ ಬಂದರೂರಿನ ದೋಣಿಗಳ ನಡುವೆ ಆ ಪುಟ್ಟ ಬಾತು ಕಾಣಿಸಿತು: ಗಿಡ್ಡ ಕೊಕ್ಕು, ಬಿಳಿ ಮುಖ, ಕೆನ್ನೆಗೆ ಮಸಿ ಒರೆಸಿದಂಥ ಕಲೆ. ಉತ್ತರದ ಹಿಮಗಡಲಿನ ಉದ್ದಬಾಲದ ಬಾತು ಇರಬೇಕು ಎಂದರು. ಬಾಲ ಮೊಂಡಾಗಿದೆಯಲ್ಲ ಎಂದೆ.

"ಹೆಣ್ಣಿಗೆ ಉದ್ದ ಇರುವುದಿಲ್ಲ ಮಾರಾಯ್ರೆ. ಹಾರಿದರೆ ಗೊತ್ತಾಗ್ತದೆ. ರೆಕ್ಕೆಯಲ್ಲಿ ಬಿಳಿ ಇಲ್ಲದೆ ಪೂರ್ತಿ ಕಪ್ಪು ಇದ್ದರೆ ಅದೇ."

ಎಂದವರೇ ಟಿಪ್ಪಣಿ ಪುಸ್ತಕ ತೆರೆದರು. ಹಕ್ಕಿಸಂಘದ ವಾರ್ಷಿಕ ಪಟ್ಟಿಯಲ್ಲಿ ಎಂಟು ವರ್ಷದಿಂದ ಅಪರೂಪದ ಹಕ್ಕಿಗಳ ಎದುರು ಇಂಗ್ಲಿಷ್ ಸಾಹೇಬರ ಹೆಸರುಗಳೇ. ಕಾಸ್ಮಿರರಿಗೆ ದಕ್ಕಿದ್ದು ಕಡಲಕಾಗೆ, ಕೊಕ್ಕರೆ. ಈ ಬಾತನ್ನಾದರೋ ಸಾಹೇಬರೂ ಕಂಡಿರಲಿಲ್ಲ.

ಬಾತು ಮುಳುಗಿತು. ಅವರೂ ಮುಳುಗಿದರು. ನಲವತ್ತು ಸೆಕೆಂಡಿಗೆ ಅದು ದೋಣಿಯೊಂದರ ಪಕ್ಕದಲ್ಲೇ ಎದ್ದು, ಬೆದರಿ, ನೆಟ್ಟಗೆ ಹಾರಿತು. ರೆಕ್ಕೆ ಕಪ್ಪು, ಅಪ್ಪಟ ಕಪ್ಪು. ಆ ಬೆರಗಿನಲ್ಲಿ ನನ್ನ ಕೈ ಚಹಾದ ಲೋಟ ಹಿಡಿದೇ ಉಳಿಯಿತು, ಅವರ ಭುಜಕ್ಕೆ ಹೋಗಲಿಲ್ಲ. ಉಸಿರು ಮುಗಿದು ಕಾಸ್ಮಿರರು ಕಣ್ಣು ಬಿಟ್ಟಾಗ ಅಲ್ಲಿ ಬರೀ ನೀರಿತ್ತು.

"ನಾನು ಕಂಡೆ. ಬಿಳಿ ಮಾಫಿ, ಚೂರೂ ಇಲ್ಲ," ಎಂದೆ. "ಬರ್ಕೊಳ್ಳಿ."

"ತಾರಾನಾಥರೇ, ಹೋದ ವಾರ ಗಾಡಿಯಲ್ಲಿ ಪೆಟ್ರೋಲು ಉಂಟು ಅಂತಲೂ ನೀವು ಕಂಡಿದ್ರಿ."

ಅಂದು ನಡೆದ ನಾಲ್ಕು ಮೈಲಿ ನನ್ನ ಕಾಲಿಗಿನ್ನೂ ನೆನಪಿತ್ತು. "ಬೇಕಾದರೆ ನಾನೇ ಸಹಿ ಹಾಕ್ತೇನೆ."

ಅವರು ಬಹಳ ಹೊತ್ತು ಪೆನ್ನು ಹಿಡಿದು ಕೂತರು. ಆಮೇಲೆ ಬರೆದರು: ಮುಳುಗುವ ಸಣ್ಣ ಬಾತು, ಒಂದು. ರೆಕ್ಕೆ ನೋಡಿಲ್ಲ. ಹೆಸರಿನ ಜಾಗ ಖಾಲಿ. ಉಳಿದ ಚಹಾವನ್ನು ನನ್ನ ಲೋಟಕ್ಕೇ ಬಗ್ಗಿಸಿದರು. ಭುಜ ತಟ್ಟದ ಮಾತನ್ನು ಅಂದೂ, ಆಮೇಲೂ ಎತ್ತಲಿಲ್ಲ.

ಲೋಕದ ಪಟ್ಟಿಗಳಲ್ಲಿ ಇಂಥವರ ಹೆಸರು ಸಿಗುವುದು ಕಡಿಮೆ. ಆದರೂ ಆ ಪಟ್ಟಿಗಳನ್ನು ನಾವು ನಂಬುವುದು ಇಂಥವರು ಅಲ್ಲಲ್ಲಿ ಖಾಲಿ ಬಿಟ್ಟ ಸಾಲುಗಳ ಬಲದಿಂದಲೇ ಇರಬೇಕು. ಪಕ್ಕದಲ್ಲಿ ನನ್ನಂಥವರಿದ್ದಾಗ ಅವರು ಕಣ್ಣು ಮುಚ್ಚಬಾರದು, ಅಷ್ಟೆ.